ಮೊಣಕಾಲಿಗೆ ಸುತ್ತಿದ ಪೈಪು

ಇಂದ್ರಾಣಿ ಅಂಗಡಿಯ ನೆಲದ ಮೇಲೇ ಕೂತು ಪೈಪನ್ನು ಮೊಣಕಾಲಿಗೆ ಸುತ್ತಿದಳು. ಟಪ್ ಅಂತ ಅದು ಮಡಚಿಕೊಂಡು ಚಪ್ಪಟೆಯಾಯಿತು.

"ಇದು ಬೇಡ ಅಂಕಲ್. ಬೇರೆ ತೋರ್ಸಿ."

"ಐದನೇದು ಕಣಮ್ಮಾ ಇದು!" ಅಂಗಡಿಯ ಶಿವರಾಮ್ ಅಂಕಲ್ ತಲೆ ಚಚ್ಚಿಕೊಂಡರು. "ಏನ್ ಸಾರ್, ನಿಮ್ ಮಗಳು ಪೈಪ್ ನೋಡಕ್ ಬಂದಿದ್ದಾಳೋ, ಮದುವೆಗೆ ಹೆಣ್ಣು ನೋಡಕ್ ಬಂದಿದ್ದಾಳೋ?"

ಅಪ್ಪ ಮೌನೇಶ ನಕ್ಕ. ನಗು ಕೆಮ್ಮಾಯಿತು.

ಅಂದು ಅಮಾವಾಸ್ಯೆ. ಅವತ್ತು ಇವರ ಮನೆಯ ಬಡಿಗರು ಉಳಿ, ಗರಗಸ ಮುಟ್ಟುವುದಿಲ್ಲ. ಅದಕ್ಕೇ ಅಪ್ಪನಿಗೆ ಬಿಡುವು. ಸುದ್ದಗುಂಟೆಪಾಳ್ಯದ ಅವನ ವರ್ಕ್‌ಶಾಪಿನಲ್ಲಿ ಮರದ ಧೂಳು ಎಳೆಯುವ ಮಷೀನಿನ ಪೈಪು ಮತ್ತೆ ಹರಿದಿತ್ತು. ಅದರಲ್ಲಿ ಪೈಪಿಗಿಂತ ಟೇಪೇ ಜಾಸ್ತಿ. ಚಹಾದಲ್ಲೂ ಧೂಳು, ಫೋಟೊದ ಗಣಪತಿಯ ಸೊಂಡಿಲ ಮೇಲೂ ಧೂಳು.

ಆ ಧೂಳನ್ನು ಐವತ್ತು ವರ್ಷ ಕುಡಿದವನು ಅಜ್ಜ ಕರೆಪ್ಪ. ಅವನು ಕೆಮ್ಮಿದರೆ ಇಡೀ ಬಿಟಿಎಂ ಲೇಔಟಿನ ಪಾರಿವಾಳಗಳು ಒಟ್ಟಿಗೇ ಹಾರುತ್ತಿದ್ದವು. ಈಗ ಮೂಗಿಗೆ ಸಣ್ಣ ಪೈಪು, ಮಂಚದ ಪಕ್ಕ ಗುಯ್‌ಗುಟ್ಟುವ ಆಕ್ಸಿಜನ್ ಮಷೀನು.

ಒಳ್ಳೆ ಪೈಪು ಹಾಕಿದರೆ ಧೂಳಿರುವುದಿಲ್ಲ. ಧೂಳಿಲ್ಲದಿದ್ದರೆ ಅಜ್ಜ ಮತ್ತೆ ವರ್ಕ್‌ಶಾಪಿನ ತನ್ನ ಸ್ಟೂಲ್ ಮೇಲೆ ಕೂರಬಹುದು. ಇಂದ್ರಾಣಿಗೆ ಗೊತ್ತಿದ್ದದ್ದು ಇಷ್ಟೇ.

ಪೈಪಿನ ಈ ಪರೀಕ್ಷೆ ಹೇಳಿಕೊಟ್ಟವನೂ ಅಜ್ಜನೇ. "ಮೊಣಕಾಲಿಗೆ ಸುತ್ತು, ಮಡಚಬಾರದು. ಹಿಮ್ಮಡಿಲೆ ತುಳಿ, ಮತ್ತ ಎದ್ದು ನಿಂದರಬೇಕು. ಒಳಗ ಬೆರಳು ಆಡ್ಸು, ನುಣ್ಣಗಿರಬೇಕು. ಇಲ್ಲಾಂದ್ರ ಮರದ ಹೊಟ್ಟು ಸಿಕ್ಕೊಂತೈತಿ."

ಆರನೆಯದು ದಪ್ಪ ಪೈಪು, ಉದ್ದಕ್ಕೂ ತಂತಿಯ ಸುರುಳಿ. ಸುತ್ತಿದಳು, ತುಳಿದಳು, ಬೆರಳಾಡಿಸಿದಳು. ಅದು ಜಗ್ಗಲಿಲ್ಲ, ಕುಗ್ಗಲಿಲ್ಲ.

"ಇದೇ ಅಂಕಲ್, ಇದೇ!"

ಮರುದಿನ ಸ್ಕೂಲ್ ಬಿಟ್ಟವಳೇ ವರ್ಕ್‌ಶಾಪಿಗೆ ಓಡಿದಳು. ಹೊಸ ಪೈಪು ಮೂರು ದಿನದ ಹಸಿವಿದ್ದವರ ಹಾಗೆ ಹೊಟ್ಟು ನುಂಗುತ್ತಿತ್ತು. ಇಂದ್ರಾಣಿ ಅಜ್ಜನ ಸ್ಟೂಲ್ ಮೇಲೆ ಬೆರಳೆಳೆದು ನೋಡಿದಳು. ಬೆರಳು ಕ್ಲೀನ್! ಅಲ್ಲಿಂದ ಒಂದೇ ಉಸಿರಿಗೆ ಮನೆಗೆ.

"ಅಜ್ಜಾ, ಒಂಚೂರೂ ಧೂಳಿಲ್ಲ! ನಾಳೆ ಬರ್ತೀಯಾ?"

ಅಜ್ಜ ಎರಡು ಮಾತಿಗೆ ನಾಲ್ಕು ಸಲ ಉಸಿರೆಳೆದ. "ನಿಮ್ಮಪ್ಪ... ಇವತ್ತು ಕೆಮ್ಮಿದ್ನೇನು?"

ಇಂದ್ರಾಣಿ ನೆನಪಿಸಿಕೊಂಡಳು. "ಇಲ್ಲ. ಒಂದ್ಸಲಾನೂ ಇಲ್ಲ."

"ಹಂಗಾದ್ರ ಚಲೋದು ಆರಿಸೀದಿ, ನನ್ನವ್ವಾ."

ಅಜ್ಜ ಕಣ್ಣು ಮುಚ್ಚಿದ. ಬರುತ್ತೇನೆ ಅನ್ನಲಿಲ್ಲ.

ದಿಂಬಿನ ಹತ್ತಿರ ಅಜ್ಜನ ಸಣ್ಣ ಪೈಪು ಮಡಚಿಕೊಂಡಿತ್ತು. ಇಂದ್ರಾಣಿ ಅದನ್ನು ಮೆಲ್ಲಗೆ ಬಿಡಿಸಿ, ಮತ್ತೆ ಮಡಚದ ಹಾಗೆ ಕೈಯಲ್ಲಿ ಹಿಡಿದು ಕೂತಳು.