ಹಾಡು ಒತ್ತಿದರೆ ಕುರಿ ಪುಟ

“ಹಾಡು ಒತ್ತುದ್ರೆ ಕುರಿ ಬತ್ತವೆ ಕಣಪ್ಪ!”

ಬೆಳಿಗ್ಗೆ ಪಾವಗಡದ ನಮ್ಮ ಸಂಘದ ಬಾಗಿಲು ತೆಗೆಯುವ ಮೊದಲೇ ಕ್ಯಾತಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಅವರ ಮೊಬೈಲಿನಲ್ಲಿ ‘ಓಬಳಯ್ಯನ ಪದ’ ಎಂಬುದನ್ನು ಒತ್ತಿದೆ. ಹಾಡು ಬರಲಿಲ್ಲ. ಮಾರಾಟಕ್ಕಿದ್ದ ಟಗರುಗಳ ಚಿತ್ರ ಬಂತು.

ನಮ್ಮದು ಕುರಿ ಸಾಕುವವರ ಸಂಘ. ನಾನು ಕಾರ್ಯದರ್ಶಿ ಅಂಜಿನಮೂರ್ತಿ. ಒಂದೇ ವೆಬ್ ವಿಳಾಸದಲ್ಲಿ ಕುರಿ ಮಾರಾಟ, ಲಸಿಕೆ ನೋಂದಣಿ, ಹಳ್ಳಿ ಹಾಡುಗಳು—ಮೂರು ಆ್ಯಪ್ ನಡೆಸುತ್ತೇವೆ. ಊರೂರು ತಿರುಗಿ ಹಾಡು ರೆಕಾರ್ಡ್ ಮಾಡಿದವಳು ಕ್ಯಾತಮ್ಮನ ಮಗಳು ಸ್ನೇಹಲತಾ. ಹಾಡಿಗೆ ಮೊದಲು “ಶುರು ಮಾಡಿ, ನಾಚ್ಕೋಬ್ಯಾಡಿ” ಎನ್ನುವ ಅವಳ ದನಿ ಇರುತ್ತಿತ್ತು. ಹೋದ ವರ್ಷ ಜ್ವರ ಬಂದು ತೀರಿಕೊಂಡಳು. ತಾಯಿ ದಿನವೂ ಆ ದನಿ ಕೇಳುತ್ತಿದ್ದರು.

“ಯಾರಪ್ಪಾ ತೆಗ್ದೋರು?”

ಕ್ಯಾತಮ್ಮ ಅಳಲಿಲ್ಲ. ಬಸ್ಸು ಎಷ್ಟೊತ್ತಿಗೆ ಎಂದು ಕೇಳುವಂತೆ ಕೇಳಿದರು.

ಸರ್ವರಿನ ಪಾಸ್‌ವರ್ಡ್ ಇದ್ದದ್ದು ಇಬ್ಬರ ಬಳಿ. ಒಬ್ಬ ಶಿರಾದ ಚಿಕ್ಕರಾಜು, ಲಸಿಕೆ ಆ್ಯಪ್ ಮಾಡಿದವನು. ಇನ್ನೊಬ್ಬ ಸ್ನೇಹಲತಾಳ ಗಂಡ ಲಕ್ಷ್ಮೀಪತಿ. ಈಗಲೂ ಅತ್ತೆಯ ಮನೆಯಲ್ಲೇ ಇದ್ದಾನೆ. ಹಿಂದಿನ ದಿನವಷ್ಟೇ ಚಿಕ್ಕರಾಜು ಸರ್ವರಿಗೆ ಕೈ ಹಾಕಿದ್ದ. ಹಾಡುಗಳಿಂದ ಜಾಗವೇ ಸಾಲದು ಎಂದು ಗೊಣಗಿಯೂ ಇದ್ದ. ನನಗೆ ಅನುಮಾನವೇ ಉಳಿಯಲಿಲ್ಲ.

ಪೊಲೀಸ್ ಸೈಬರ್ ವಿಭಾಗದಿಂದ ನಿವೃತ್ತರಾಗಿ ಮಧುಗಿರಿಯಲ್ಲಿರುವ ವರಲಕ್ಷ್ಮಿ ಮೇಡಂಗೆ ಫೋನ್ ಮಾಡಿದೆ. ಮಧ್ಯಾಹ್ನ ಬಂದರು. ಇಬ್ಬರನ್ನೂ ಕರೆಸಿದರು.

“ನಿನ್ನೆ ಏನು ಮಾಡಿದ್ರಿ, ಚಿಕ್ಕರಾಜು?”

“ಲಸಿಕೆ ಪುಟಕ್ಕೆ ದಾರಿ ಹಾಕ್ದೆ ಮೇಡಂ. ಹಾಡಿನ ತಂಟೆಗೇ ಹೋಗಿಲ್ಲ.”

“ಸುಳ್ಳು!” ಎಂದೆ. “ಜಾಗ ಬೇಕು ಅಂತ ಅಳಿಸ್ಬುಟ್ಟಿದ್ದೀಯ!”

“ಅಳಿಸಿದ್ರೆ ‘ಸಿಗಲಿಲ್ಲ’ ಅಂತ ಬರ್ತಿತ್ತು,” ಎಂದರು ಮೇಡಂ. “ಕುರಿ ಯಾಕೆ ಬರಬೇಕು?”

ವಿಳಾಸಕ್ಕೆ ಬಂದವರನ್ನು ಯಾವ ಆ್ಯಪಿಗೆ ಕಳಿಸಬೇಕೆಂದು ಸರ್ವರಿನಲ್ಲಿ ಸಾಲುಗಳನ್ನು ಬರೆದಿರುತ್ತಾರೆ. ‘ಹಾಡು’ ಎಂದಿದ್ದರೆ ಒಂದು ಕಡೆ, ‘ಲಸಿಕೆ’ ಎಂದಿದ್ದರೆ ಇನ್ನೊಂದು ಕಡೆ.

“ಹೊಸ ಸಾಲು ಸೇರಿಸುವಾಗ ಚಿಕ್ಕರಾಜು ತಪ್ಪಿರಬೇಕು,” ಎಂದ ಲಕ್ಷ್ಮೀಪತಿ, ನೆಲ ನೋಡುತ್ತ.

ಮೇಡಂ ಕ್ಯಾತಮ್ಮನ ಕಡೆ ತಿರುಗಿದರು. “ಒಂದು ಹಾಡೂ ಬರಲ್ವಾ?”

“ಬಲಸಮುದ್ರದ ಸರಸಮ್ಮಂದು ಬತ್ತದೆ. ಓಬಳಯ್ಯಂದು ಬರಾಕಿಲ್ಲ. ರಂಗಯ್ಯನ ತೆಲುಗು ಪದಾನೂ ಇಲ್ಲ.”

“ಸರಸಮ್ಮನ ಹಾಡು ರೆಕಾರ್ಡ್ ಮಾಡಿದ್ದು ಯಾರು?”

“ನಾನು,” ಎಂದೆ. “ಅವತ್ತು ಸ್ನೇಹಲತಾ ಬಂದಿರಲಿಲ್ಲ.”

ಮೇಡಂ ಹಾಡುಗಳನ್ನು ಒಂದೊಂದಾಗಿ ಒತ್ತಿ ನೋಡಿದರು; ಬಾರದವುಗಳಲ್ಲಿ ಸ್ನೇಹಲತಾಳ ದನಿ ಇತ್ತೇ ಎಂದು ಕ್ಯಾತಮ್ಮನನ್ನು ಕೇಳಿಕೊಂಡರು. ಆಮೇಲೆ ಸರ್ವರಿನ ಸಾಲುಗಳನ್ನು ತೆರೆಸಿ ಓದಿದರು.

“ಚಿಕ್ಕರಾಜು ತಪ್ಪಿದ್ದರೆ ಎಲ್ಲ ಹಾಡೂ ಹೋಗಬೇಕಿತ್ತು,” ಎಂದರು ಕೊನೆಗೆ. “ಹೋಗಿರೋದು ಸ್ನೇಹಲತಾ ದನಿ ಇರೋವು ಮಾತ್ರ. ಒಂದೊಂದಕ್ಕೂ ಬೇರೆ ಸಾಲು ಬರೆದು ಕುರಿ ಪುಟಕ್ಕೆ ತಿರುಗಿಸಿದ್ದಾರೆ. ಹೊರಗೆ ಕಾಣೋದು ಹಾಡಿದವರ ಹೆಸರಷ್ಟೇ. ಅವಳ ದನಿ ಎಲ್ಲೆಲ್ಲಿದೆ ಅಂತ ತಿಳಿಯೋಕೆ ಎಲ್ಲಾನೂ ಕೇಳಿರಬೇಕು. ಚಿಕ್ಕರಾಜು, ಒಂದಾದ್ರೂ ಕೇಳಿದ್ದೀರಾ?”

“ಇಲ್ಲ ಮೇಡಂ.”

“ಹಾಡುಗಳನ್ನೆಲ್ಲ ಕೇಳಿ, ಸರಿಮಾಡಿ, ಸರ್ವರಿಗೆ ಹಾಕಿದವರು ನೀವು—ಅಲ್ವಾ ಲಕ್ಷ್ಮೀಪತಿ?”

ಲಕ್ಷ್ಮೀಪತಿ ಅತ್ತೆಯ ಕಡೆ ನೋಡಿದ.

“ಅವಳ ದನಿ ಪಕ್ಕದ ರೂಮಲ್ಲಿ ದಿನಾ ಕೇಳುಸ್ತಿತ್ತು ಮೇಡಂ. ಎದ್ದು ಬಂದು ನೋಡ್ತಿದ್ದೆ. ಅತ್ತೆ ಒಬ್ರೇ ಇರ್ತಿದ್ರು. ನಂಗೀಗ ಅಳೂನೂ ಬರಲ್ಲ. ಅಳಿಸೋಣ ಅಂತ ಕೂತೆ, ಕೈ ಬರಲಿಲ್ಲ. ಅದಕ್ಕೇ ಕುರಿ ಪುಟಕ್ಕೆ ತಿರುಗಿಸ್ದೆ. ಚಿಕ್ಕರಾಜು ಹೆಂಗೂ ಮುಟ್ಟಿದ್ದ, ಅವನ ತಪ್ಪು ಅಂದ್ಕೋತಾರೆ ಅನ್ಸಿತು.”

ಚಿಕ್ಕರಾಜು ಹೆಲ್ಮೆಟ್ ಎತ್ತಿಕೊಂಡು ಹೊರಟ. ನಾನು ಹಿಂದೆ ಹೋಗಿ ಕ್ಷಮೆ ಕೇಳಿದೆ. ತಲೆಯಾಡಿಸಿದ, ಗಾಡಿ ಸ್ಟಾರ್ಟ್ ಮಾಡಿದ.

ಒಳಗೆ ಬಂದಾಗ ಲಕ್ಷ್ಮೀಪತಿ ತಾನು ಬರೆದ ಸಾಲುಗಳನ್ನು ತೆಗೆದು, ಸರ್ವರನ್ನು ಮತ್ತೆ ಚಾಲೂ ಮಾಡುತ್ತಿದ್ದ. ಓಬಳಯ್ಯನ ಪುಟ ತೆರೆಯಿತು. ಹಾಡು ಹಾಕಲು ಯಾರೂ ಕೈ ಚಾಚಲಿಲ್ಲ.

“ನಂಗೊಂದ್ ಮಾತು ಯೋಳ್ಬಾರ್ದಿತ್ತಾ?” ಎಂದರು ಕ್ಯಾತಮ್ಮ. “ದನೀನ ಸಣ್ಣುಕ್ ಇಟ್ಕಂತಿದ್ದೆ.”

ಮೊಬೈಲನ್ನು ಸೆರಗಿಗೆ ಕಟ್ಟಿಕೊಂಡು ಅವರೇ ಎದ್ದರು.

“ನಡಿ, ಮನೆಗೋಗಾನ. ಬೆಳಿಗ್ಗಿಂದ ನೀನೂ ಉಂಡಿಲ್ಲ.”