ನೀರಿಗೆ ಬಿಟ್ಟ ಜಾಗ

"ನಿಲ್ಲಿಸಿ! ಮೊದಲು ಗಾಡಿ ನಿಲ್ಲಿಸಿ!"

ಕೂಗುತ್ತಲೇ ಅವಳು ಜೆಸಿಬಿಯ ಎದುರು ಹೋಗಿ ನಿಂತುಬಿಟ್ಟಳು. ಅದರ ಕಬ್ಬಿಣದ ಹಲ್ಲು ಅವಳ ಮೊಣಕಾಲಿಗೆ ಎರಡೇ ಗೇಣು ದೂರದಲ್ಲಿ ನಿಂತಿತು.

"ಏನ್ರೀ ಇದು, ಪ್ರಾಣದ ಮೇಲೆ ಆಸೆ ಇಲ್ವಾ?" ಸೈಟ್ ಎಂಜಿನಿಯರ್ ಓಡಿಬಂದ. ಮುಖ ಬಿಳಿಚಿಕೊಂಡಿತ್ತು. "ಯಾರು ನೀವು?"

"ಈ ಜಾಗದ ಪ್ಲಾನಿಂಗ್ ನೋಡ್ಕೊಳ್ಳೋಕೆ ಇವತ್ತಿಂದ ಬಂದಿರೋಳು. ಈ ತಗ್ಗು ಮುಚ್ಚಬೇಡಿ."

"ಇಲ್ಲಿ ಕಾರ್ ಪಾರ್ಕಿಂಗ್ ಬರುತ್ತೆ ಮೇಡಂ. ನಕ್ಷೆಗೆ ನಾನೇ ಸಹಿ ಹಾಕಿದೀನಿ."

"ಹಾಗಾದ್ರೆ ಮಳೆಗೂ ಹೇಳಿಬಿಡಿ, ಬೇರೆ ದಾರಿ ನೋಡ್ಕೋ ಅಂತ!"

ಅವನು ಎಂಜಿನ್ ಆರಿಸುವಂತೆ ಜೆಸಿಬಿಯವನಿಗೆ ಕೈಸನ್ನೆ ಮಾಡಿದ. ಆಮೇಲೆ, "ಬನ್ನಿ, ಏನಿದೆ ತೋರಿಸಿ" ಎಂದ.

ಇಬ್ಬರೂ ಇಳಿಜಾರಿನುದ್ದಕ್ಕೂ ನಡೆದರು. ಹಿಂದಿನ ಗುಡ್ಡದ ನೀರೆಲ್ಲ ಬಂದು ನಿಂತು ಇಂಗುವುದು ಈ ತಗ್ಗಿನಲ್ಲೇ. ಇದನ್ನು ಮುಚ್ಚಿದರೆ ನೀರು ನೇರ ಕೆಳಗಿನ ಸಾಲುಮನೆಗಳಿಗೆ ನುಗ್ಗುತ್ತದೆ. ಅಲ್ಲಿ ಮೂವತ್ತು ಸಂಸಾರಗಳಿದ್ದವು.

ಅವನು ಎಲ್ಲ ಕೇಳಿಸಿಕೊಂಡು, "ಕಟ್ಟಡಾನೇ ಸ್ವಲ್ಪ ಮೇಲಕ್ಕೆ ಸರಿಸಿದ್ರೆ?" ಎಂದು ಕೇಳಿದ.

ಇಷ್ಟು ವರ್ಷದಲ್ಲಿ ಒಬ್ಬರೂ ಅವಳನ್ನು ಹಾಗೆ ಕೇಳಿರಲಿಲ್ಲ!

ಹೊಸ ನಕ್ಷೆ ತಯಾರಾಯಿತು. ಮುಂದಿನ ಮೂರು ತಿಂಗಳು ಅವನು ಹಳೆಯ ಮರಗಳ ಬೇರಿಗೆ ಲಾರಿ ಹತ್ತದಂತೆ ಹಗ್ಗ ಕಟ್ಟಿಸಿದ. ಕೆರೆದು ತೆಗೆದ ಮೇಲ್ಮಣ್ಣನ್ನು ಬೇರೆಯಾಗಿ ಗುಡ್ಡೆ ಹಾಕಿಸಿ, ಮೇಲೆ ಗೋಣಿತಾಟು ಹೊದಿಸಿದ.

"ಮೇಡಂ ಬಂದ್ಮೇಲೆ ಮಣ್ಣಿಗೂ ಕಂಬಳಿ ಬಂತು. ನಮಗ್ಯಾವಾಗ ಸಾರ್?" ಎಂದು ಮೇಸ್ತ್ರಿ ರೇಗಿಸುತ್ತಿದ್ದ.

ಒಂದು ಮಧ್ಯಾಹ್ನ ಅವಳು ಯಾರಿಗೂ ಹೇಳದ ಮಾತನ್ನು ಅವನಿಗೆ ಹೇಳಿದಳು. "ಹಿಂದಿನ ಸೈಟಿನಲ್ಲಿ ನೀರಿನ ದಾರಿ ಕಟ್ಟಿಬಿಟ್ರು. ತಪ್ಪು ಅಂತ ನಂಗೆ ಗೊತ್ತಿತ್ತು. ಬಾಯಿ ಮುಚ್ಕೊಂಡಿರು ಅಂದ್ರು... ಸುಮ್ಮನಾದೆ. ಕಾಂಪೌಂಡ್ ಕುಸಿದು ಕೆಳಗಿನ ಮನೆ ಅಜ್ಜಿ ಕಾಲೇ ಹೋಯ್ತು. ಅವತ್ತಿಂದ ಮೋಡ ಕಂಡ್ರೆ ನಂಗೆ ಭಯ, ರಾತ್ರಿಯೆಲ್ಲ ಎದ್ದಿರ್ತೀನಿ."

ಅವನು ಸಮಾಧಾನದ ಮಾತೇನೂ ಆಡಲಿಲ್ಲ. "ಈ ತಗ್ಗು ಹೀಗೇ ಇರುತ್ತೆ. ಮಾತು ಕೊಡ್ತಿದೀನಿ" ಎಂದನಷ್ಟೆ.

ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಅವಳು ನಾಲ್ಕು ದಿನ ರಜೆ ಹಾಕಿದಳು. ಐದನೆಯ ದಿನ ಬೆಳಿಗ್ಗೆ ಸೈಟಿಗೆ ಕಾಲಿಟ್ಟವಳು ತಗ್ಗಿನತ್ತ ಓಡಿದಳು.

ತಗ್ಗು ಅರ್ಧ ಮುಚ್ಚಿಹೋಗಿತ್ತು! ಲಾರಿಗಳು ಒಂದರ ಹಿಂದೊಂದು ಮಣ್ಣು ಸುರಿಯುತ್ತಿದ್ದವು.

"ಯಾರು ಹೇಳಿದ್ದು ನಿಮಗೆ?"

ಮೇಸ್ತ್ರಿ ತಲೆತಗ್ಗಿಸಿ ನಕ್ಷೆ ಚಾಚಿದ. "ಮಾಲೀಕರು ಕೊಟ್ಟು ಹೋದ್ರು ಮೇಡಂ. ಸಾರ್ ಸಹಿ ಇದೆಯಲ್ಲ..."

ಇತ್ತು. ಅವನದೇ ಸಹಿ. ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು... ಸ್ವಿಚ್ ಆಫ್.

'ನಾನಿಲ್ಲದ ಹೊತ್ತು ನೋಡಿ ಮಾಡಿದನೇ? ಎಲ್ಲ ಹೇಳಿಕೊಂಡೆನಲ್ಲ... ಇವನ ಹತ್ತಿರ!'

ಗುಡ್ಡದ ಮೇಲೆ ಮೋಡ ಕಪ್ಪಗೆ ಕವಿಯುತ್ತಿತ್ತು. ಅಳಲು ಪುರುಸೊತ್ತಿರಲಿಲ್ಲ. ಸಾಲುಮನೆಯವರಿಗಾದರೂ ತಿಳಿಸೋಣವೆಂದು ಅವಳು ಕೆಳಗಿನ ಬೀದಿಗೆ ಓಡಿದಳು.

ಮೊದಲ ಮನೆಯ ಹೊಸ್ತಿಲಲ್ಲೇ ಅವನಿದ್ದ. ಪ್ಯಾಂಟು ಮಡಚಿಕೊಂಡು ಬಾಗಿಲಿಗೆ ಅಡ್ಡಲಾಗಿ ಮರಳಿನ ಮೂಟೆ ಜೋಡಿಸುತ್ತಿದ್ದ.

"ಮಾಡೋದೆಲ್ಲ ಮಾಡಿ ಈಗ ಮೂಟೆ ಇಡ್ತಿದೀರಾ?" ಅವಳು ಕಿರುಚಿದಳು. "ಸಹಿ ಹಾಕೋವಾಗ ಇವರ್ಯಾರೂ ನೆನಪಾಗಲಿಲ್ವಾ?"

"ಆ ನಕ್ಷೆಯ ತಾರೀಖು ನೋಡಿದ್ರಾ?"

ನೋಡಿರಲಿಲ್ಲ.

"ಅದು ನೀವು ಬರೋಕೆ ಮುಂಚಿನದು. ಪಾರ್ಕಿಂಗೇ ಬೇಕು ಅಂತ ಪಟ್ಟು ಹಿಡಿದ ಮಾಲೀಕರಿಗೆ ತಗ್ಗು ಮುಚ್ಚೋಕಾಗಲ್ಲ ಅಂದಿದ್ದಕ್ಕೆ, ನೀವು ಹೋದ ಮಾರನೇ ದಿನವೇ ನನ್ನನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರು. ಕಂಪನಿ ಫೋನೂ ಕಿತ್ಕೊಂಡ್ರು. ನಿಮ್ಮ ನಂಬರ್ ಅದರಲ್ಲೇ ಇತ್ತು..."

ಒಳಗಿನಿಂದ ಮನೆಯಾಕೆ ಬಂದರು. "ಇವರನ್ನ ಬೈಬೇಡಮ್ಮ. ಮೂರು ದಿನದಿಂದ ನಮ್ಮನ್ನೆಲ್ಲ ಕರ್ಕೊಂಡು ನಗರಸಭೆಗೆ ಅಲೆದು ಅಲೆದು ಚಪ್ಪಲಿ ಸವೆಸಿದಾರೆ. ಈಗಷ್ಟೇ ಸಿಕ್ತು ನೋಡು, ಕೆಲಸ ನಿಲ್ಸಿ ನೀರಿನ ದಾರಿ ಬಿಡಿಸೋ ಆರ್ಡರ್."

ಅವಳು ನಾಚಿಕೆಯಿಂದ ಬಾಗಿ ಇನ್ನೊಂದು ಮೂಟೆ ಎತ್ತಿಕೊಂಡಳು.

"ಜಗಳ ಆಮೇಲೆ ಆಡೋಣ," ಅವನು ಆಕಾಶ ನೋಡಿದ. "ಮಳೆ ಕಾಯಲ್ಲ."

ಆರ್ಡರ್ ಓದಿದ ಮೇಸ್ತ್ರಿ ಲಾರಿಗಳನ್ನು ವಾಪಸ್ಸು ಕಳಿಸಿ, "ಸಲಿಕೆ ತನ್ರೋ!" ಎಂದು ಕೂಗಿದ. ಸಾಲುಮನೆಯವರೂ ಗುದ್ದಲಿ ಹಿಡಿದು ಬಂದರು. ಅವಳು ಇಳಿಜಾರು ನೋಡಿ, ತಗ್ಗಿಗೆ ಹೋಗುವ ಕಾಲುವೆಯ ಗುರುತಿಗೆ ಗೂಟ ನೆಡುತ್ತಾ ಹೋದಳು. ಹಿಂದೆಯೇ ಜೆಸಿಬಿ ಮಣ್ಣೆತ್ತುತ್ತಾ ಬಂತು.

ಕೊನೆಯ ಗೂಟ ನೆಡುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು.

ಗುಡ್ಡದಿಂದ ಕೆಂಪು ನೀರು ಇಳಿದು, ತೋಡಿದ ಕಾಲುವೆಯ ಬಾಯಲ್ಲಿ ಸುತ್ತತೊಡಗಿತು. ಮುಂದಕ್ಕೆ ಹೋಗುತ್ತಿಲ್ಲ... ಏರುತ್ತಿದೆ... ಇನ್ನೊಂದು ಗೇಣು ಏರಿದರೆ ಬೀದಿಯತ್ತ ಉಕ್ಕುತ್ತದೆ! ಅವಳು ಅವನ ತೋಳನ್ನು ಉಗುರು ನಾಟುವಂತೆ ಹಿಡಿದಳು.

ಮಣ್ಣಿನ ಹೆಂಟೆಯೊಂದು ದುಬಕ್ಕನೆ ಕುಸಿಯಿತು. ನೀರು ಒಮ್ಮೆ ಹಿಂಜರಿದು, ಸರಕ್ಕನೆ ತಗ್ಗಿನ ಕಡೆ ತಿರುಗಿತು.

ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಮನೆಯಾಕೆಯ ಕೂಗು ಕೇಳಿಸಿತು. "ಇಲ್ಲಿ ಒಂದು ಹನಿ ಬಂದಿಲ್ಲ ಕಣಮ್ಮಾ!"

ಅವಳು ಅಲ್ಲೇ ಕೆಸರಿನಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಕ್ಕದಲ್ಲೇ ಕುಳಿತ.

"ನಿಮ್ಮನ್ನ ನಂಬಲಿಲ್ಲ ನಾನು..."

"ತಾರೀಖು ನೋಡದೇ ಇರೋದು ಪ್ಲಾನಿಂಗ್‌ನೋರಿಗೆ ದೊಡ್ಡ ತಪ್ಪು ಮೇಡಂ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನು ಮಾತ್ರ ನಗಲಿಲ್ಲ.

"ಈಗ ನಂಗೆ ಕೆಲಸ ಇಲ್ಲ. ಇಂಥ ಹೊತ್ತಲ್ಲಿ ಕೇಳಬಾರದು. ಆದ್ರೂ ಕೇಳ್ತೀನಿ... ನನ್ನ ಜೊತೆ ಇರ್ತೀರಾ?"

"ನನ್ನ ಭಯ ಹೋಗೋದಲ್ಲ," ಅವಳು ಮೆಲ್ಲಗೆ ಹೇಳಿದಳು. "ಗುಡುಗಿದಾಗೆಲ್ಲ ನಿದ್ದೆಯಿಂದ ಎಬ್ಬಿಸ್ತೀನಿ. ಎಲ್ಲಾದರೂ ನೀರು ನುಗ್ತಾ ಅಂತ ಕೇಳ್ತೀನಿ. ಪ್ರತಿ ಸಲ..."

"ಎಬ್ಬಿಸು," ಎಂದ ಅವನು. ಮೇಡಂ ಇಲ್ಲ, ನೀವು ಇಲ್ಲ. "ಇಬ್ರೂ ಎದ್ದು ಹೋಗಿ ನೋಡ್ಕೊಂಡು ಬರೋಣ."