ಕಾಗದದ ಮೇಲಿನ ಎಡಗೈ

ಮೂರನೇ ಸಲವೂ ಸಾಫ್ಟ್‌ಬಾಲ್ ಚೆಂಡು ಟೀಗನ್‌ಳ ಗ್ಲೌವ್‌ನ ಅಂಚಿಗೆ ಬಡಿದು ಹುಲ್ಲಿಗೆ ಉರುಳಿತು.

"ಏಯ್, ಅದೇನು ಗ್ಲೌವೋ, ಟೀ ಕಪ್ಪೋ?" ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ ಪೈಪರ್ ಕೇಳಿದಳು. ಉಳಿದವರು ಸಿಪ್ಪೆ ಉಗುಳಿ ನಕ್ಕರು.

"ನಿನ್ ಬಾಯಷ್ಟು ದೊಡ್ಡದಿಲ್ಲ ಬಿಡು," ಎಂದಳು ಟೀಗನ್. ಮಾತೇನೋ ಜೋರಾಗಿಯೇ ಬಂತು, ಆದರೆ ಕಣ್ಣು ತುಂಬಿಕೊಂಡಿತ್ತು.

ಕೋಚ್ ರೋಂಡಾ ಹತ್ತಿರ ಬಂದರು. "ಎಲ್ಲಿ, ಕೈ ತೋರ್ಸು."

ಗ್ಲೌವ್‌ನ ಪಟ್ಟಿ ಮಣಿಕಟ್ಟಿನವರೆಗೆ ಬರುತ್ತಲೇ ಇರಲಿಲ್ಲ. ಅರ್ಧ ಅಂಗೈ ಹೊರಗೇ ಉಳಿದಿತ್ತು. ಒಳಗೆ ಬೆರಳುಗಳು ನೋಯುತ್ತಿದ್ದವು.

"ಹತ್ತೂವರೆ ಇಂಚು. ಇದು ಪುಟ್ಟ ಮಕ್ಕಳದು ಕಣಮ್ಮ. ಹೋದ ವರ್ಷ ನಿಮ್ಮ ಚೆಂಡೂ ಚಿಕ್ಕದಿತ್ತು. ಈಗ ದೊಡ್ಡೋರ ಟೀಮಿಗೆ ಬಂದಿದೀಯ, ಚೆಂಡೂ ದೊಡ್ಡದು. ನಿಂಗೆ ಹನ್ನೊಂದೂವರೆ ಇಂಚಾದ್ರೂ ಬೇಕು." ಕೋಚ್ ಟೀಮಿನ ಚೀಲದಿಂದ ಒಂದು ಹಳೇ ಗ್ಲೌವ್ ತೆಗೆದರು. "ಶನಿವಾರದ ಮ್ಯಾಚಿಗೆ ಇದನ್ನ ಹಾಕ್ಕೋ. ಹೀಗೇ ಚೆಂಡು ಬಿಡ್ತಾ ಇದ್ರೆ ಸೆಕೆಂಡ್ ಬೇಸಲ್ಲಿ ನಿನ್ನ ನಿಲ್ಸೋಕಾಗಲ್ಲ."

"ಬೇಡ ಕೋಚ್. ಇದು ಅಮ್ಮ ಕಳ್ಸಿದ್ದು."

ಕೋಚ್ ಹಳೇ ಗ್ಲೌವನ್ನು ಮತ್ತೆ ಚೀಲಕ್ಕೆ ಹಾಕಿದರು. ಅಮೆರಿಕದ ನೆಬ್ರಾಸ್ಕಾದ ಆ ಸಣ್ಣ ಊರಿಗೆಲ್ಲ ಗೊತ್ತಿದ್ದ ವಿಷಯವೇ ಅದು. ಟೀಗನ್‌ಳ ಅಮ್ಮ ಸೇನೆಯಲ್ಲಿ ನರ್ಸ್. ಹೋದ ಆಗಸ್ಟ್‌ನಲ್ಲಿ ದೂರದೇಶಕ್ಕೆ ಹೋದವರು ಬರುವುದು ಇನ್ನು ಸೆಪ್ಟೆಂಬರ್‌ಗೆ. ಈಗಿನ್ನೂ ಮೇ ತಿಂಗಳು.

ಹೊರಡುವ ಹಿಂದಿನ ದಿನ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಟೀಗನ್‌ಳ ಎಡಗೈಯನ್ನು ಒಂದು ಕಾಗದದ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ ಗೆರೆ ಎಳೆದಿದ್ದರು. "ಇದು ನನ್ನ ಮಂಚದ ಪಕ್ಕದ ಗೋಡೆಗೆ. ದಿನಾ ಮಲಗೋ ಮುಂಚೆ ಇದರ ಮೇಲೆ ನನ್ನ ಕೈ ಇಡ್ತೀನಿ," ಎಂದಿದ್ದರು. ಈ ಸಲದ ಹುಟ್ಟುಹಬ್ಬಕ್ಕೆ ಅದೇ ಚಿತ್ರವನ್ನು ಸ್ಕೇಲಿನಿಂದ ಅಳೆದು ಗ್ಲೌವ್ ತರಿಸಿಕೊಟ್ಟಿದ್ದರು.

ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದ್ದರು, "ಸರಿ ಹೋಯ್ತಾ ಚಿನ್ನಾ?"

"ಕರೆಕ್ಟಾಗಿದೆ ಅಮ್ಮ," ಎಂದಿದ್ದಳು ಟೀಗನ್, ಗ್ಲೌವನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡು.

ಇನ್ನೇನು ಹೇಳುವುದು? ಗ್ಲೌವ್ ಚಿಕ್ಕದೆಂದರೆ ಅಮ್ಮನ ಗೋಡೆಯ ಮೇಲಿರುವ ಕೈಯೂ ಚಿಕ್ಕದೆಂದು ಹೇಳಿದಂತೆ. ಅದನ್ನು ಹೇಳಲು ಅವಳಿಗೆ ಮನಸ್ಸೇ ಬರಲಿಲ್ಲ.

ಮನೆಗೆ ಬಂದಾಗ ಅಜ್ಜ ಧೈರ್ಯ ಹೇಳಿದರು. "ಹದ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಪುಟ್ಟಿ. ನಮ್ಮ ಕಾಲದಲ್ಲಿ ಹೀಗೇ ಮಾಡ್ತಿದ್ವಿ." ತಾವು ಗಡ್ಡಕ್ಕೆ ಹಚ್ಚುವ ಕ್ರೀಮನ್ನೇ ಗ್ಲೌವ್‌ಗೆ ಉಜ್ಜಿದರು. ಒಳಗೆ ಚೆಂಡಿಟ್ಟು, ಬೆಲ್ಟಿನಿಂದ ಬಿಗಿದರು. ಅಷ್ಟು ಸಾಲದೆಂದು ಎರಡು ದಿನ ಅದರ ಮೇಲೆಯೇ ಕೂತು ಟಿವಿಯಲ್ಲಿ ಹವಾಮಾನ ನೋಡಿದರು.

ಶುಕ್ರವಾರ ಸಂಜೆ ಅಂಗಳದಲ್ಲಿ ಅಜ್ಜ ಚೆಂಡೆಸೆದರು. ಗ್ಲೌವ್ ಮೆತ್ತಗಾಗಿತ್ತು, ಘಮಘಮ ಅನ್ನುತ್ತಿತ್ತು. ಚೆಂಡು ಮಾತ್ರ ಹಾಗೇ ಹೊರಗೆ ಬಿತ್ತು.

ಅಜ್ಜ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಚರ್ಮ ಮೆತ್ತಗಾಗುತ್ತೆ, ಬೆಳೆಯಲ್ಲ ಮಗಳೇ. ಬೆಳೀತಿರೋದು ನೀನು."

"ನಾನೇನು ಬೇಕಂತ ಬೆಳೆದ್ನಾ?" ಟೀಗನ್ ಅತ್ತೇಬಿಟ್ಟಳು. "ಅಮ್ಮ ದಿನಾ ಕೈ ಇಡ್ತಾರಲ್ಲ ಅಜ್ಜ, ಅದು ಈಗ ನನ್ನ ಕೈಯೇ ಅಲ್ಲ."

ಅಜ್ಜ ಅವಳ ಕೈಯಿಂದ ಗ್ಲೌವ್ ಮೆಲ್ಲಗೆ ಬಿಡಿಸಿ, ಕೆಂಪಾಗಿದ್ದ ಬೆರಳುಗಳನ್ನು ತಮ್ಮ ದೊಡ್ಡ ಅಂಗೈಯೊಳಗೆ ತೀಡಿದರು.

ಶನಿವಾರ ಟೀಗನ್ ಟೀಮಿನ ಚೀಲದ ಗ್ಲೌವ್ ಹಾಕಿಕೊಂಡಳು. ಅದರ ಪಟ್ಟಿಯ ಮೇಲೆ ಹಿಂದೆ ಆಡಿದ ಹುಡುಗಿಯರ ಹೆಸರುಗಳಿದ್ದವು. ಬೆರಳಿಗೆ ಬೇಕಾದಷ್ಟು ಜಾಗವಿತ್ತು. ಎರಡನೇ ಇನ್ನಿಂಗ್ಸ್‌ನಲ್ಲಿ ಎಡಕ್ಕೆ ನುಗ್ಗಿಬಂದ ಚೆಂಡು ಟಪ್ಪನೆ ಒಳಗೆ ಕೂತಿತು. ಪೈಪರ್ ಓಡಿಬಂದು ಅವಳ ಬೆನ್ನಿಗೊಂದು ಗುದ್ದು ಕೊಟ್ಟಳು. ಆ ಖುಷಿಯಲ್ಲೇ ಟೀಗನ್ ಬೇಲಿಯ ಕಡೆ ನೋಡಿದಳು. ಅಮ್ಮ ಯಾವಾಗಲೂ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಜಾಗವದು. ಈಗ ಅಲ್ಲಿ ಯಾರೋ ಸೈಕಲ್ ನಿಲ್ಲಿಸಿದ್ದರು.

ಭಾನುವಾರ ಕಾಲ್ ಬಂದಾಗ ಟೀಗನ್ ಮೊದಲು ಹೇಳಿದ್ದೇ ಅದು. "ಅಮ್ಮ, ಗ್ಲೌವ್ ಚಿಕ್ಕದು. ಅವತ್ತು ಸುಳ್ಳು ಹೇಳಿದ್ದೆ."

"ಹಾಕ್ಕೊಂಡು ತೋರ್ಸು."

ಟೀಗನ್ ತೋರಿಸಿದಳು. ಹೊರಗುಳಿದಿದ್ದ ಅಂಗೈಯನ್ನು ಅಮ್ಮ ಪರದೆಯ ಹತ್ತಿರ ಬಾಗಿ ನೋಡಿದರು. ಆಮೇಲೆ ಗೋಡೆಯಿಂದ ಕಾಗದ ಬಿಡಿಸಿ ಕ್ಯಾಮರಾ ಮುಂದೆ ಹಿಡಿದರು. ಅದು ಮಾಸಿಹೋಗಿತ್ತು. ಬೆರಳುಗಳ ಸುತ್ತ ಒಂದರ ಪಕ್ಕ ಒಂದು ಗೆರೆಗಳಿದ್ದವು.

"ದಿನಾ ಕೈ ಇಟ್ಟು ಇಟ್ಟು ಗೆರೆ ಅಳಿಸಿಹೋಗ್ತಿತ್ತು. ಎರಡು ಸಲ ನಾನೇ ತಿದ್ದಿದೆ," ಎಂದರು ಅಮ್ಮ. ನಕ್ಕರು, ಮೂಗೊರೆಸಿಕೊಂಡರು. "ಇಷ್ಟುದ್ದ ಆಗಿದೀಯ, ನಾನು ನೋಡ್ಲೇ ಇಲ್ವಲ್ಲೇ."

ಅಮ್ಮನಿಗೂ ತನ್ನಷ್ಟೇ ಬೇಜಾರಾಗುತ್ತದೆ ಎಂದು ಟೀಗನ್‌ಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. "ಅಳ್ಬೇಡಮ್ಮ. ಈಗಿನ ಕೈ ಕಳಿಸ್ತೀನಿ," ಎಂದಳು.

ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹೊಸ ಕಾಗದ ಹಾಸಿ ಎಡಗೈ ಇಟ್ಟಳು. ಸೆಪ್ಟೆಂಬರ್‌ವರೆಗೂ ಸರಿಹೋಗಲಿ ಎಂದು ಪೆನ್ಸಿಲನ್ನು ಬೆರಳಿಗೆ ತಾಗಿಸದೆ, ತುಸು ದೂರದಿಂದಲೇ ಗೆರೆ ಎಳೆದಳು. ಕೈ ತೆಗೆದು ನೋಡಿದಳು. ಯಾವುದೋ ದೊಡ್ಡ ಹುಡುಗಿಯ ಕೈಯಂತಿತ್ತು.

ರಬ್ಬರ್ ತಂದು ಪೂರ್ತಿ ಅಳಿಸಿದಳು. ಮತ್ತೆ ಕೈ ಇಟ್ಟು, ಈ ಸಲ ಕಚಗುಳಿಯಾಗುವಷ್ಟು ಒತ್ತಾಗಿ ಪೆನ್ಸಿಲ್ ಓಡಿಸಿದಳು. ಕೆಳಗೆ ಇವತ್ತಿನ ತಾರೀಕು ಬರೆದಳು. ಜೂನ್‌ನಲ್ಲಿ ಇನ್ನೊಂದು ಕಳಿಸಿದರಾಯಿತು.